ಎಚ್ಚರಿಕೆ ಇಂಗ್ಲಿಷಿನಲ್ಲಿ, ಮೋಸ ಕನ್ನಡದಲ್ಲಿ

ತಾನು ಓದಲಾರದ ಕಾಗದವನ್ನು ಕೈಯಲ್ಲಿ ಹಿಡಿದು ಪರರ ಮನೆಯ ಬಾಗಿಲಲ್ಲಿ ನಿಲ್ಲುವ ಕಷ್ಟವು ರಾಯಚೂರು ಸೀಮೆಯ ಜನರಿಗೆ ಹೊಸದಲ್ಲ. 1948ರ ಸಪ್ಟೆಂಬರ 17ರ ವರೆಗೆ ಈ ಜಿಲ್ಲೆಯು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದಿತು. ಸಂಸ್ಥಾನದ ರಾಜಭಾಷೆಯು ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಪಾಠಗಳು ಆ ಭಾಷೆಯಲ್ಲಿಯೇ ನಡೆಯುತ್ತಿದ್ದವು. ರೈತನ ಮನೆಯ ಮಾತು ಕನ್ನಡ. ಅವನ ಹೊಲದ ತಕರಾರಿನ ತೀರ್ಪು ಉರ್ದು. ಕಚೇರಿಯಿಂದ ಕಾಗದವು ಬಂದರೆ ಮೊದಲು ಹುಡುಕಬೇಕಾದದ್ದು ವಕೀಲನನ್ನಲ್ಲ, ಓದಿ ಹೇಳುವವನನ್ನು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಓದಿ ಹೇಳಿದವನು ಇದ್ದುದನ್ನೇ ಹೇಳಿದನೋ, ತನಗೆ ಬೇಕಾದದ್ದನ್ನು ಹೇಳಿದನೋ ತಿಳಿಯುವ ಉಪಾಯವಿರಲಿಲ್ಲ. ಉರ್ದು ಭಾಷೆಯ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ತಕರಾರು, ಜಮಾಬಂದಿ, ದರಖಾಸ್ತು ಮೊದಲಾದ ಶಬ್ದಗಳು ಆ ಮಾರ್ಗದಿಂದಲೇ ಬಂದು ನಮ್ಮ ಮನೆಯವಾಗಿವೆ, ಅವನ್ನು ಹೊರಗೆ ಹಾಕಬೇಕೆಂದು ನಾವು ಎಂದೂ ಬರೆದವರಲ್ಲ. ಪ್ರಶ್ನೆಯು ಶಬ್ದಗಳದ್ದಲ್ಲ, ತನ್ನ ಹಣೆಬರಹವನ್ನು ಬರೆದ ಕಾಗದವನ್ನು ತಾನೇ ಓದುವ ಅಧಿಕಾರವು ಪ್ರಜೆಗೆ ಉಂಟೋ ಇಲ್ಲವೋ ಎಂಬುದು.

1956ರ ನವಂಬರ 1ರಂದು ನಾವು ಕನ್ನಡ ರಾಜ್ಯದಲ್ಲಿ ಕೂಡಿದೆವು. 1963ರಲ್ಲಿ ರಾಜಭಾಷಾ ಕಾಯಿದೆಯಾಯಿತು. ಕಾಗದವು ಮೆಲ್ಲಮೆಲ್ಲನೆ ಕನ್ನಡಕ್ಕೆ ಬಂದಿತು. ಈಗ ಕಾಗದವೇ ಹೋಗಿ ಯಂತ್ರವು ಬಂದಿದೆ. ಯಂತ್ರದ ಸಂಗಡ ಆ ಹಳೆಯ ಕಷ್ಟವು ವೇಷ ಬದಲಿಸಿ ತಿರುಗಿ ಬಂದಿದೆ.

ಈ ಸಂಗತಿಯನ್ನು ನಮ್ಮ ಲಕ್ಷ್ಯಕ್ಕೆ ತಂದವನು ಗಬ್ಬೂರಿನ ಒಬ್ಬ ತರುಣನು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಹಾದಿಯಲ್ಲಿರುವ ಆ ಗ್ರಾಮದ ಹಳೆಯ ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ವಾಚಕರಲ್ಲಿ ಹಲವರು ಕಂಡಿರಬಹುದು. ತರುಣನು ಊರ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಮುಂದೆ ಎಂಜಿನಿಯರಿಂಗ್ ಓದಿ, ಏಳೆಂಟು ವರುಷಗಳಿಂದ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವನು. ಹೆಸರು ಹಾಕಬಾರದೆಂದು ಕೇಳಿಕೊಂಡಿರುವನು. ರಜೆಯಲ್ಲಿ ಊರಿಗೆ ಬಂದವನು ನಮ್ಮ ಕಾರ್ಯಾಲಯದಲ್ಲಿ ಎರಡು ತಾಸು ಕುಳಿತು ಫೋನು, ಬ್ಯಾಂಕು, ಇಂಟರ್ನೆಟ್ಟು ಎಂದು ನೂರೆಂಟು ವಿಷಯ ಮಾತನಾಡಿದನು. ಆತನ ಎಲ್ಲ ಅಭಿಪ್ರಾಯಗಳೂ ನಮಗೆ ಸಮ್ಮತವೆಂದಲ್ಲ. ಹದಿನಾರು ವರುಷದ ವರೆಗೆ ಮಕ್ಕಳ ಕೈಗೆ ಫೋನು ಕೊಡಲೇಬಾರದೆಂಬ ಆತನ ಕಟ್ಟುನಿಟ್ಟು ಮಾತಿಗೆ, ಮನೆಯಲ್ಲಿ ಮೊಮ್ಮಕ್ಕಳಿರುವ ನಾವು ನಕ್ಕು ಸುಮ್ಮನಾದೆವು. ಆದರೆ ಒಂದು ಪ್ರಸಂಗವನ್ನು ಆತನು ಹೇಳಿದಾಗ ನಗಲಾಗಲಿಲ್ಲ.

ಆತನು ತನ್ನ ದೊಡ್ಡವ್ವನ ಸಂಗಡ ಒಂದು ನ್ಯಾಯಬೆಲೆ ಅಂಗಡಿಗೆ ಹೋಗಿದ್ದನಂತೆ. ಮುದುಕಿಯು ನಲವತ್ತು ವರುಷ ಹತ್ತಿ ಬಿಡಿಸಿದವಳು, ಮೆಣಸಿನಕಾಯಿ ಹರಿದವಳು. ಬೆರಳಿನ ಗೆರೆಗಳು ಸವೆದು ಹೋಗಿವೆ. ಯಂತ್ರದ ಮೇಲೆ ಬೆರಳಿಟ್ಟಳು. ಯಂತ್ರವು ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಒಂದು ಸಂಖ್ಯೆಯನ್ನೂ ತೋರಿಸಿತು. ಅಂಗಡಿಯವನು ಬೇಸರವಿಲ್ಲದೆಯೇ ಹೇಳಿದನು: “ಮುನ್ನೂರು ಬಂದದ ಯವ್ವಾ, ನಾಳಿಗಿ ಬಾ.” ಮುದುಕಿಯು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡು ಕೇಳಿದಳು: “ಮುನ್ನೂರು ನಾ ಎಲ್ಲಿಂದ ತರ್ಲೆಪ್ಪಾ?”

ಮುನ್ನೂರು ಎಂಬುದು ರೂಪಾಯಿಯಲ್ಲ. ಆಧಾರದ ಗಣಕಗಳಲ್ಲಿ ಬೆರಳಚ್ಚು ಹೊಂದಲಿಲ್ಲವೆಂಬುದಕ್ಕೆ ಇಟ್ಟ ಗುರುತಿನ ಸಂಖ್ಯೆ. ತಂತ್ರಾಂಶ ಬರೆಯುವವನು ತನ್ನಂತಹ ಇನ್ನೊಬ್ಬನಿಗಾಗಿ ಬರೆದಿಟ್ಟ ಸಂಕೇತವದು. ಅದು ಮುದುಕಿಯ ಮುಖದ ಮುಂದೆ ಬಂದು ನಿಂತಿತು. ತರುಣನು ನಮಗೆ ಹೇಳಿದ ಮಾತಿನ ಭಾವವಿಷ್ಟು: “ನಾವು ಬರೆಯುವಾಗ ಎದುರಿಗೆ ನಿಂತವರು ಯಾರೆಂದು ಕಲ್ಪಿಸಿಕೊಳ್ಳುತ್ತೇವೆ. ನಾನು ಇಷ್ಟು ವರುಷ ಕಲ್ಪಿಸಿಕೊಂಡವರಲ್ಲಿ ನನ್ನ ದೊಡ್ಡವ್ವ ಇರಲಿಲ್ಲ.”

ಇದರಲ್ಲಿ ಆಶ್ಚರ್ಯದ ಸಂಗತಿಯೊಂದಿದೆ. ಕಾನೂನು ಆ ಮುದುಕಿಯ ಪಕ್ಷದಲ್ಲಿಯೇ ಇರುವದು. 2017ರ ಅಕ್ಟೋಬರ 24ರಂದು ಕೇಂದ್ರ ಆಹಾರ ಇಲಾಖೆಯು ರಾಜ್ಯಗಳಿಗೆ ಬರೆದು, ಬೆರಳಚ್ಚು ಹೊಂದದ ಮಾತ್ರಕ್ಕೆ ಅರ್ಹ ಕುಟುಂಬಕ್ಕೆ ಧಾನ್ಯವನ್ನು ನಿರಾಕರಿಸಬಾರದೆಂದೂ, ಬೇರೆ ರೀತಿಯಿಂದ ಗುರುತು ಹಿಡಿದು ಕೊಟ್ಟು ಅದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದೂ ಸೂಚಿಸಿತು. 2018ರ ಸಪ್ಟೆಂಬರ 26ರ ಆಧಾರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ದೃಢೀಕರಣದ ವೈಫಲ್ಯದಿಂದ ಯಾರೂ ಸೌಲಭ್ಯಕ್ಕೆ ಎರವಾಗಬಾರದೆಂದು ಹೇಳಿತು. ಹೀಗೆ ಬಾಗಿಲು ತೆರೆದೇ ಇರುವದು. ಬಾಗಿಲು ಎಲ್ಲಿದೆಯೆಂದು ಹೇಳುವ ಫಲಕವು ಮಾತ್ರ ಇಲ್ಲ. ಆ ಯಂತ್ರವು ಇಂಗ್ಲಿಷಿನ ಒಂದು ಸಾಲಿಗೆ ಬದಲಾಗಿ, “ಬೆರಳು ಹೊಂದಲಿಲ್ಲ. ಬೇರೆ ಬೆರಳು ಇಡಿರಿ. ಆಗದಿದ್ದರೂ ಧಾನ್ಯ ಕೊಡತಕ್ಕದ್ದು, ಪುಸ್ತಕದಲ್ಲಿ ಬರೆಯಿಸಿರಿ” ಎಂದು ಕನ್ನಡದಲ್ಲಿ ತೋರಿಸಿದ್ದರೆ, ಅಂಗಡಿಯವನು ನಾಳೆ ಬಾ ಎನ್ನುತ್ತಿರಲಿಲ್ಲ. ಎಂದರೂ ಸಾಲಿನಲ್ಲಿ ನಿಂತ ನಾಲ್ಕನೆಯ ಇಯತ್ತೆಯ ಹುಡುಗನು ಓದಿ ಹೇಳುತ್ತಿದ್ದನು.

ಧಾನ್ಯವು ತಪ್ಪಿದರೆ ಮರುದಿನ ಸಿಕ್ಕೀತು. ಬ್ಯಾಂಕಿನ ಹಣವು ಹೋದರೆ ಹೋಯಿತು. ನಮ್ಮ ಲೇಖನದ ತಲೆಬರಹವು ಈ ಸಂಬಂಧದ್ದು. ಹಣ ತೆಗೆಯುವಾಗ, ಕಳಿಸುವಾಗ ಗ್ರಾಹಕನ ಫೋನಿಗೆ ಓಟಿಪಿ ಎಂಬ ಗುಪ್ತ ಸಂಖ್ಯೆ ಬರುವದನ್ನು ವಾಚಕರೆಲ್ಲರೂ ಬಲ್ಲರು. ಇದನ್ನು ಯಾರಿಗೂ ತಿಳಿಸಬಾರದೆಂಬ ಎಚ್ಚರಿಕೆಯೂ ಅದರ ಸಂಗಡ ಬರುವದು. ಆದರೆ ಆ ಎಚ್ಚರಿಕೆಯು ಬಹುತರವಾಗಿ ಇಂಗ್ಲಿಷಿನಲ್ಲಿರುವದು. ಕಳ್ಳನ ಕರೆಯಾದರೋ ಅಚ್ಚ ಕನ್ನಡದಲ್ಲಿ ಬರುವದು: ಅವ್ವಾ, ಅಕ್ಕಾ ಎಂದು ವಿನಯದಿಂದ ಮಾತನಾಡಿಸಿ, ನಿಮ್ಮ ಖಾತೆ ಬಂದಾಗುತ್ತದೆ, ಈಗ ಬಂದ ನಂಬರು ಹೇಳಿರಿ ಎಂದು ಕೇಳುವನು. ಮೋಸಗಾರನಿಗೆ ತಿಳಿದ ಸಂಗತಿಯು ಬ್ಯಾಂಕಿಗೆ ತಿಳಿಯದೆ ಹೋದದ್ದು ಹೇಗೆ? ಜನರ ಸಂಗಡ ಕೆಲಸವಾಗಬೇಕಾದರೆ ಜನರ ಭಾಷೆಯಲ್ಲಿ ಮಾತನಾಡಬೇಕೆಂಬುದು ಆತನಿಗೆ ಯಾವ ಸುತ್ತೋಲೆಯೂ ಇಲ್ಲದೆ ತಿಳಿದಿದೆ.

ಇನ್ನು ನ್ಯಾಯದ ಮಾತು. 2017ರ ಜುಲೈ 6ರಂದು ರಿಸರ್ವ ಬ್ಯಾಂಕು ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕರಿಗೆ ಹಿತಕರವಾದ ಹಲವು ಅಂಶಗಳಿದ್ದವು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣವು ಹೋದರೆ, ಸುದ್ದಿ ತಿಳಿದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದವನಿಗೆ ನಷ್ಟವಿಲ್ಲವೆಂದಿತು. ಆದರೆ ಗ್ರಾಹಕನ ಅಲಕ್ಷ್ಯದಿಂದ, ಅಂದರೆ ಗುಪ್ತ ವಿವರಗಳನ್ನು ಪರರಿಗೆ ತಿಳಿಸಿದ್ದರಿಂದ ಹಣವು ಹೋದರೆ, ಬ್ಯಾಂಕಿಗೆ ತಿಳಿಸುವ ವರೆಗಿನ ಸಂಪೂರ್ಣ ನಷ್ಟವು ಆತನದೇ ಎಂದಿತು. ತತ್ವದಲ್ಲಿ ಇದು ಸರಿ. ಆದರೆ ಓದಲಾರದ ಎಚ್ಚರಿಕೆಯನ್ನು ಮೀರಿದುದು ಅಲಕ್ಷ್ಯವಾದೀತೇ? ಬಾವಿಯ ದಂಡೆಗೆ ಪರಭಾಷೆಯ ಫಲಕವನ್ನು ನೆಟ್ಟು, ಬಿದ್ದವನನ್ನು ಕುರಿತು ನೀನು ಓದದೆ ಬಿದ್ದೆ ಎಂದರೆ ಯಾವ ಪಂಚಾಯತಿಯು ಒಪ್ಪುವದು? (ಹಣವು ಹೋದುದು ಗೊತ್ತಾದ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು, ಮೊದಲ ಒಂದೆರಡು ತಾಸುಗಳಲ್ಲಿಯೇ ಹಣವನ್ನು ತಡೆಹಿಡಿಯುವ ಸಂಭವವು ಹೆಚ್ಚು. ಈ ನಾಲ್ಕು ಅಂಕಗಳನ್ನು ವಾಚಕರು ಮನೆಯ ಗೋಡೆಯ ಮೇಲೆ ಬರೆದಿಡುವದು ಒಳಿತು.)

ನಾವು ಹೀಗೆ ಕೇಳಿದಾಗ ತರುಣನು ಬ್ಯಾಂಕುಗಳ ಪಕ್ಷವನ್ನೂ ಹೇಳಿದನು. ಅದನ್ನು ಮುಚ್ಚಿಡುವದು ಪ್ರಾಮಾಣಿಕವಲ್ಲ. ಫೋನಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರಗಳು ಹಿಡಿಯುವವು, ಕನ್ನಡವಾದರೆ 70 ಮಾತ್ರ. ಅದರಲ್ಲಿಯೂ ನಮ್ಮ ಕಾಗುಣಿತ, ಒತ್ತುಗಳು ಬೇರೆ ಬೇರೆಯಾಗಿ ಎಣಿಕೆಯಾಗುವವು. ನಾವು ಒಂದೇ ಅಕ್ಷರವೆಂದು ಬರೆಯುವ ‘ಖ್ಯೆ’ ಎಂಬುದು ಯಂತ್ರಕ್ಕೆ ನಾಲ್ಕು. ಹೀಗಾಗಿ ಇಂಗ್ಲಿಷಿನ ಒಂದು ಸಂದೇಶವು ಕನ್ನಡದಲ್ಲಿ ಎರಡೋ ಮೂರೋ ಆಗುವದು, ಪ್ರತಿಯೊಂದಕ್ಕೂ ಹಣ ಬೀಳುವದು. ಕೋಟಿಗಟ್ಟಲೆ ಸಂದೇಶಗಳ ಲೆಕ್ಕ ಹಿಡಿದರೆ ವೆಚ್ಚವು ಸಣ್ಣದಲ್ಲ ಎಂದನು. ನಾವು ಪೆನ್ಸಿಲು ತೆಗೆದುಕೊಂಡು “ಈ ಸಂಖ್ಯೆ ಯಾರಿಗೂ ಹೇಳಬೇಡಿರಿ” ಎಂದು ಬರೆದು ಎಣಿಸಲು ಹೇಳಿದೆವು. ನಡುವಣ ತೆರಪುಗಳು ಕೂಡಿ 25 ಆಯಿತು. ಎಪ್ಪತ್ತರಲ್ಲಿ ಇಪ್ಪತ್ತೈದು ಹೋದರೆ ನಲವತ್ತೈದು ಉಳಿಯುವದು. ಸಂಖ್ಯೆಗೂ ಬ್ಯಾಂಕಿನ ಹೆಸರಿಗೂ ಅಷ್ಟು ಸಾಲದೆ? ತರುಣನು ಸ್ವಲ್ಪ ಹೊತ್ತು ಕಾಗದವನ್ನು ನೋಡಿ, ಸಾಕಾಗುತ್ತದೆ, ಆದರೆ ಹೀಗೆ ಎಣಿಸಿ ನೋಡಲು ನಮಗೆ ಯಾರೂ ಹೇಳಲಿಲ್ಲ ಎಂದನು. ಬ್ಯಾಂಕಿನಲ್ಲಿ ಗ್ರಾಹಕರು ತುಂಬುವ ಅಚ್ಚಿನ ಚೀಟಿಗಳಲ್ಲಿ ಹಿಂದಿ ಇಂಗ್ಲಿಷಿನ ಸಂಗಡ ಪ್ರಾದೇಶಿಕ ಭಾಷೆಯೂ ಇರಬೇಕೆಂಬ ನಿಯಮವು ಹಿಂದಿನಿಂದಲೂ ಬಂದಿದೆ. ಕಾಗದಕ್ಕೆ ಸಲ್ಲುವ ನ್ಯಾಯವು ಫೋನಿಗೆ ಸಲ್ಲದೆ?

ಓದುಬಾರದವರಿಗೆ ಕನ್ನಡವಾದರೇನು, ಇಂಗ್ಲಿಷಾದರೇನು ಎಂದು ಕೆಲವು ಅಧಿಕಾರಿಗಳು ವಾದಿಸುವದುಂಟು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 59.56 ಎಂಬುದನ್ನು ಅವರು ಮುಂದೊಡ್ಡುವರು. ಇವರು ರಾಯಚೂರಿನ ಯಾವುದಾದರೂ ಚಹದ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಬೇಕು. ಗಿರಾಕಿಯು ಫೋನಿನಿಂದ ಹಣ ಕಳಿಸಿದ ಕ್ಷಣದಲ್ಲಿಯೇ ಗಲ್ಲೆಯ ಮೇಲಿನ ಸಣ್ಣ ಡಬ್ಬಿಯು ಇಷ್ಟು ರೂಪಾಯಿ ಬಂದಿತೆಂದು ಕನ್ನಡದಲ್ಲಿ ಕೂಗಿ ಹೇಳುವದು. ವ್ಯಾಪಾರಿಯ ಕೈಗಳು ಕಪ್ಪುಬಸಿಗಳಲ್ಲಿರುವವು, ಕಣ್ಣುಗಳು ಹಾಲಿನ ಮೇಲಿರುವವು; ಆತನಿಗೆ ಕಿವಿಯೇ ಅನುಕೂಲವೆಂದು ಯಾರೋ ವಿಚಾರ ಮಾಡಿರುವರು. ಹತ್ತು ರೂಪಾಯಿಯ ಚಹಕ್ಕೆ ಕನ್ನಡ ಮಾತನಾಡುವ ಯಂತ್ರವು ಹತ್ತು ಕಿಲೋ ಅಕ್ಕಿಗೆ ಏಕೆ ಮೂಕವಾಗಬೇಕು?

ಹೆಸರುಗಳ ಗೋಳು ಇನ್ನೊಂದು. ಪಹಣಿಯು ಕನ್ನಡದಲ್ಲಿದೆ. ಈ ವಿಷಯದಲ್ಲಿ ನಮ್ಮ ಸರಕಾರವನ್ನು ಹೊಗಳುವದು ಧರ್ಮವೇ ಸರಿ: 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೇರಿಸಿ ಕನ್ನಡದಲ್ಲಿಯೇ ಅಚ್ಚು ಮಾಡಿ ಕೊಡತೊಡಗಿತು. ಕನ್ನಡದಲ್ಲಿ ಇಂಥ ಕೆಲಸವಾಗದೆಂಬ ವಾದವು ಅಂದೇ ಸತ್ತುಹೋಗಬೇಕಾಗಿತ್ತು. ಆದರೆ ಬ್ಯಾಂಕಿನ ಪಾಸುಬುಕ್ಕು ಇಂಗ್ಲಿಷಿನಲ್ಲಿದೆ. ಆಧಾರದ ಚೀಟಿಯಲ್ಲಿ ಎರಡೂ ಇದ್ದರೂ ತಾಳೆ ನೋಡುವದು ಇಂಗ್ಲಿಷನ್ನು. ‘ಭೀಮವ್ವ’ ಎಂಬ ಹೆಸರನ್ನು ಒಬ್ಬ ಆಪರೇಟರನು ‘ಇ’ ಎರಡು ಹಾಕಿ ಬರೆದನು, ಇನ್ನೊಬ್ಬನು ‘ಐ’ ಒಂದು ಹಾಕಿದನು, ಮೂರನೆಯವನು ‘ಎಚ್’ ಬಿಟ್ಟನು. ಒಬ್ಬ ಹೆಂಗಸು ಮೂವರಾದಳು. ಇಂಗ್ಲಿಷಿನಲ್ಲಿ ‘ಲ’ಕಾರಕ್ಕೂ ‘ಳ’ಕಾರಕ್ಕೂ ಒಂದೇ ಅಕ್ಷರವಿರುವದರಿಂದ ಬಾಲಮ್ಮನೂ ಬಾಳಮ್ಮನೂ ಒಬ್ಬಳೇ ಆದರು. ಊರಿನ ಹೆಸರೂ ಬಿಟ್ಟಿಲ್ಲ: ಗಬ್ಬೂರಿನ ಕೊನೆಗೆ ‘ಯು’ ಸೇರಿಸುವವರೊಬ್ಬರು, ಬಿಡುವವರೊಬ್ಬರು, ನಡುವೆ ‘ಓ’ ಎರಡು ಬರೆಯುವವರೊಬ್ಬರು. ಕನ್ನಡದಲ್ಲಿ ಬರೆದರೆ ತಪ್ಪೇ ಆಗದೆಂದು ನಾವು ಹೇಳುವದಿಲ್ಲ. ‘ಭ’ಕ್ಕೆ ‘ಬ’ ಬರೆಯುವವರು ನಮ್ಮ ಮುದ್ರಣಾಲಯದಲ್ಲಿಯೇ ಇದ್ದಾರೆ. ಆದರೆ ಆ ತಪ್ಪನ್ನು ಭೀಮವ್ವನ ಮಗಳು ನೋಡಿ ಅಲ್ಲಿಯೇ ತಿದ್ದಿಸಬಲ್ಲಳು. ಇಂಗ್ಲಿಷಿನ ತಪ್ಪು ಗೊತ್ತಾಗುವದು ಹಣವು ಬಾರದೆ ಉಳಿದ ಮೇಲೆ.

ಇಷ್ಟರ ವರೆಗೆ ಪರರ ದೋಷವನ್ನು ಬರೆದೆವು. ಈಗ ನಮ್ಮದನ್ನು ಬರೆಯಬೇಕು.

ಕನ್ನಡವು ಗಣಕದಲ್ಲಿ ಅಚ್ಚಾಗುವದಕ್ಕೂ ಗಣಕದಲ್ಲಿ ಉಳಿಯುವದಕ್ಕೂ ಬಹಳ ಅಂತರವಿದೆಯೆಂಬುದನ್ನು ನಾವು ತಡವಾಗಿ ಅರಿತೆವು. ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನು ಉಚ್ಚಾರದಂತೆ ಟಂಕಿಸುವ ಜೋಡಣೆಯನ್ನು ಕಂಡುಹಿಡಿದರು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವು ಬಂದಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಸರಕಾರಿ ಕಚೇರಿಗಳಿಗೆ ಹಬ್ಬಿತು. ಇವರ ಉಪಕಾರವು ದೊಡ್ಡದು. ಆದರೆ ಅಂದಿನ ಕ್ರಮದಲ್ಲಿ ಯಂತ್ರದೊಳಗೆ ಇದ್ದುದು ಕನ್ನಡವಲ್ಲ. ಪಾಶ್ಚಾತ್ಯ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರವನ್ನು ತೊಡಿಸಿದ್ದಷ್ಟೆ. ಆ ಫಾಂಟು ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಮೂರಕ್ಷರವನ್ನು ತೆರೆದರೆ ಕಾಣುವದೇನು? ಇಂಗ್ಲಿಷಿನ ಒಂದು ‘ಪಿ’, ತಲೆಯ ಮೇಲೆ ಗೆರೆಯುಳ್ಳ ಒಂದು ‘ಎ’, ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆ, ಮತ್ತೊಂದು ‘ಎ’, ಜರ್ಮನರ ಜೋಡು ‘ಎಸ್’, ಒಂದು ‘ಕ್ಯೂ’, ಕೊನೆಗೆ ಮತ್ತೆ ‘ಎ’. ನಾಡಿನ ಹೆಸರಿನ ಹೊಟ್ಟೆಯಲ್ಲಿ ಪೌಂಡು! ಅತ್ತ 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತದ ಸಂಖ್ಯೆಯು ದೊರೆತಿತ್ತು. ‘ಕ’ಕಾರದ ಸಂಖ್ಯೆಯು 3221. ಲೋಕದ ಯಾವ ಗಣಕದಲ್ಲಿಯೂ ಅದು ‘ಕ’ವೇ, ಬೇರೆಯಾಗದು. ಈಗಿನ ‘ನುಡಿ’ಯಲ್ಲಿಯೂ ಆ ಅನುಕೂಲವಿದೆ. ಆದರೂ ಹಳೆಯ ರೂಢಿಯಿಂದ ಹಳೆಯ ಫಾಂಟಿನಲ್ಲಿಯೇ ಬರೆದ ಪತ್ರಗಳು ಇಂದಿಗೂ ನಮ್ಮ ಕಾರ್ಯಾಲಯಕ್ಕೆ ಬರುತ್ತಲಿವೆ.

ಇದು ಪಂಡಿತರ ಕಲಹವಲ್ಲವೆಂಬುದು ನಮಗೆ ಹೀಗೆ ತಿಳಿಯಿತು. 2009ರ ಅಕ್ಟೋಬರಿನ ಮಹಾನೆರೆಯನ್ನು ಈ ಜಿಲ್ಲೆಯ ಜನರು ಮರೆತಿರಲಾರರು. ಆ ನೆರೆಯಲ್ಲಿ ಮನೆ ಕಳೆದುಕೊಂಡವರೊಬ್ಬರು ತಮ್ಮ ಹಳ್ಳಿಯ ಹೆಸರು ಅಂದು ನಮ್ಮ ಪತ್ರಿಕೆಯಲ್ಲಿ ಬಂದಿತ್ತೆಂದೂ, ಆ ಸಂಚಿಕೆಯು ಬೇಕೆಂದೂ ಕೇಳಿಕೊಂಡು ಬಂದರು. ಆ ಕಾಲದ ಕಡತಗಳೆಲ್ಲ ನಮ್ಮ ಗಣಕದಲ್ಲಿವೆ. ಹಳ್ಳಿಯ ಹೆಸರನ್ನು ಟಂಕಿಸಿ ಹುಡುಕಿದರೆ ಒಂದೂ ಸಿಗಲಿಲ್ಲ. ಏಕೆಂದರೆ ಆ ಕಡತಗಳಲ್ಲಿ ಕನ್ನಡವೇ ಇಲ್ಲ, ‘ಪಿ’ಯೂ ‘ಕ್ಯೂ’ವೂ ಪೌಂಡೂ ಇವೆ. ಹುಡುಗರು ಎರಡು ದಿನ ಹಳೆಯ ಸಂಚಿಕೆಗಳ ಕಟ್ಟುಗಳನ್ನು ಧೂಳು ಕೊಡವಿ ತಿರುವಿ ಹಾಕಿದರು. ಹದಿನೈದು ವರುಷಗಳ ವಾರ್ತೆಗಳು ಹೀಗೆ ನಮ್ಮದೇ ಕೋಣೆಯಲ್ಲಿ ನಮಗೇ ಎಟುಕದೆ ಬಿದ್ದಿವೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗೋಚರವಾದ ಶಿಲಾಶಾಸನದಲ್ಲಿ ಅಶೋಕನ ಹೆಸರನ್ನು ವಿದ್ವಾಂಸರು ಎರಡು ಸಾವಿರ ವರುಷಗಳಿಗೂ ಹೆಚ್ಚು ಕಾಲದ ಮೇಲೆ ಓದಿದರು. (ಆ ಚಕ್ರವರ್ತಿಯೂ ನಮಗೆ ಹೇಳಬೇಕಾದದ್ದನ್ನು ಪ್ರಾಕೃತದಲ್ಲಿಯೇ ಹೇಳಿದನೆಂಬುದು ಬೇರೆ ಮಾತು.) ನಮ್ಮದು ಹದಿನೈದು ವರುಷವೂ ಬಾಳಲಿಲ್ಲ.

ಎರಡನೆಯ ದೋಷವನ್ನು ತರುಣನೇ ನಮಗೆ ತೋರಿಸಿದನು. ಕನ್ನಡ ಹಾಕುವದು ಕಷ್ಟದ ಕೆಲಸವಲ್ಲ, ಕೇಳುವವರಿಲ್ಲ ಎಂಬುದು ಆತನ ಮತ. ಕನ್ನಡವು ಬೇಕಾದವರಿಗೆ ಕೇಳುವ ಬಾಯಿಲ್ಲ; ಬಾಯಿ ಇದ್ದವರು ಎಟಿಎಮ್ಮಿನ ಮುಂದೆ ನಿಂತು, ಕನ್ನಡ ಎಂಬ ಗುಂಡಿಯು ಇದ್ದರೂ ಇಂಗ್ಲಿಷನ್ನೇ ಒತ್ತುವರು. ಎಷ್ಟು ಜನರು ಯಾವುದನ್ನು ಒತ್ತಿದರೆಂಬ ಲೆಕ್ಕವು ಕಂಪನಿಗೆ ತಿಳಿಯುವದು. ಆ ಲೆಕ್ಕವನ್ನು ನೋಡಿ ಕನ್ನಡಕ್ಕೆ ಗಿರಾಕಿಯಿಲ್ಲವೆಂದು ಅವರು ನಿರ್ಣಯಿಸುವರು. ಆತನು ಹೀಗೆಂದಾಗ ನಾವು ಉತ್ತರ ಕೊಡಲಿಲ್ಲ. ಕನ್ನಡ ರಾಜ್ಯೋತ್ಸವದ ಸಭೆಗಳಲ್ಲಿ ಅಧ್ಯಕ್ಷತೆ ವಹಿಸುವ ನಾವು ಸಹ ಅವಸರದಲ್ಲಿ ಇಂಗ್ಲಿಷಿನ ಗುಂಡಿಯನ್ನೇ ಒತ್ತುತ್ತ ಬಂದಿದ್ದೇವೆ.

ಕೇಳುವವರಿಗೆ ಈಗ ಕಾನೂನಿನ ಬೆಂಬಲವೂ ಬರುತ್ತಲಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ, ನಮ್ಮ ವಿವರಗಳನ್ನು ತೆಗೆದುಕೊಳ್ಳಲು ಒಪ್ಪಿಗೆ ಕೇಳುವ ಕಂಪನಿಯು ಆ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಶಿಷ್ಟದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ನಮಗೆ ಕೊಡತಕ್ಕದ್ದು. 2025ರ ನವಂಬರಿನಲ್ಲಿ ಇದರ ನಿಯಮಗಳು ಪ್ರಕಟವಾದವು. ಮುಖ್ಯ ವಿಧಿಗಳು ಆಚರಣೆಗೆ ಬರಲು 18 ತಿಂಗಳ ಅವಧಿಯನ್ನು ಇಡಲಾಯಿತು. ಆದರೆ ಒಪ್ಪಿಗೆಯ ಸೂಚನೆಯು ಕನ್ನಡವಾಗಿ, ಅದರ ಮುಂದಿನ ಎಚ್ಚರಿಕೆಯು ಇಂಗ್ಲಿಷಾಗಿಯೇ ಉಳಿದರೆ ಅರ್ಧ ದಾರಿಯಲ್ಲಿ ಕೈಬಿಟ್ಟಂತಾಗುವದು.

ದಿಲ್ಲಿಯ ವರೆಗೆ ಕಾಯದೆ ಆಗಬಹುದಾದ ಕೆಲಸವೊಂದಿದೆ. ಬೆರಳಚ್ಚು ಹೊಂದದಿದ್ದರೂ ಧಾನ್ಯ ಕೊಡತಕ್ಕದ್ದೆಂಬ ನಿಯಮವನ್ನು ಜಿಲ್ಲೆಯ ಪ್ರತಿಯೊಂದು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸುವದು. ಇದಕ್ಕೆ ತಂತ್ರಾಂಶವು ಬೇಡ. ಸುಣ್ಣ, ಬಣ್ಣ, ಒಬ್ಬ ಪೇಂಟರನು ಸಾಕು. ಜಿಲ್ಲೆಯ ಆಹಾರ ಇಲಾಖೆಯ ಅಧಿಕಾರಿಗಳು ಈ ತಿಂಗಳೊಳಗೆ ದೇವದುರ್ಗ ತಾಲೂಕಿನಿಂದ ಇದನ್ನು ಆರಂಭಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಬೇಡುವೆವು. ಬರೆಯಿಸಿದ ಅಂಗಡಿಗಳ ಹೆಸರುಗಳನ್ನು ವಾಚಕರು ತಿಳಿಸಿದರೆ ಪ್ರಕಟಿಸುವೆವು, ಬರೆಯಿಸದವುಗಳನ್ನೂ.

ನಮ್ಮ ಪಾಲಿನ ಕೆಲಸವನ್ನು ಕಳೆದ ಸೋಮವಾರದಿಂದ ಹಿಡಿದಿದ್ದೇವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಒಂದು ಸಾಧನವನ್ನು ತರುಣನು ಹೊರಡುವ ಮುನ್ನ ನಮ್ಮ ಗಣಕದಲ್ಲಿ ಇಟ್ಟು ಹೋಗಿರುವನು. ಕೆಲಸವು ಸುಗಮವಾಗಿಲ್ಲ. ಹಳೆಯ ಕ್ರಮದಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಇಡುತ್ತಿದ್ದರು, ಹೊಸ ಕ್ರಮದಲ್ಲಿ ಉಚ್ಚಾರದಂತೆ ರಕಾರವು ಮೊದಲು ಬರಬೇಕು. ಈ ಗೊಂದಲದಲ್ಲಿ ನಮ್ಮ ದೇವದುರ್ಗವು ಪುಟಪುಟದಲ್ಲಿಯೂ ‘ದೇವದುಗರ್’ ಎಂದಾಗಿದೆ. ಒಬ್ಬ ಹುಡುಗನು ಸಂಜೆಯ ಹೊತ್ತು ಕುಳಿತು ಒಂದೊಂದನ್ನೇ ತಿದ್ದುತ್ತಲಿರುವನು. ಈ ಸಾಲುಗಳನ್ನು ಬರೆಯುವ ಹೊತ್ತಿಗೆ 2004ರ ಮಾರ್ಚ ತಿಂಗಳು ಮುಗಿದಿದೆ. ನೆರೆಯ ಸಂಚಿಕೆಗಳಿಗೆ ಇನ್ನೂ ಐದು ವರುಷಗಳ ಹಾದಿಯಿದೆ.